ಎರಡು ಸೀಸೆ, ಒಂದೇ ಜೇಡ

ಎರಡು ವರ್ಷ ನನ್ನ ನೋಟ್‌ಬುಕ್‌ನಲ್ಲಿ 14ನೇ ಸೀಸೆಗೂ 22ನೇ ಸೀಸೆಗೂ ಯಾವ ಸಂಬಂಧವೂ ಇರಲಿಲ್ಲ. 14ರಲ್ಲಿ ಕಪ್ಪು ಮೈಯ, ಬಿಳಿ ಪಟ್ಟೆಯ ಜಿಗಿಯುವ ಜೇಡ. 22ರಲ್ಲಿ ಮಣ್ಣಿನ ಬಣ್ಣದ, ಸ್ವಲ್ಪ ದಪ್ಪಗಿನ ಇನ್ನೊಂದು. ಎರಡಕ್ಕೂ ಬೇರೆ ಪುಟ, ಬೇರೆ ಚಿತ್ರ, ಬೇರೆ ಹೆಸರು. ಕೊನೆಗೆ ನೋಡಿದರೆ ಅವು ಗಂಡ ಹೆಂಡತಿ!

ಜೇಡಗಳಲ್ಲಿ ಇದು ಹೊಸ ಕಥೆ ಏನಲ್ಲ. ಗಂಡಿಗೊಂದು, ಹೆಣ್ಣಿಗೊಂದು ಹೆಸರಿಟ್ಟು, ಆಮೇಲೆ ಹಳೆಯ ಹೆಸರನ್ನು ಉಳಿಸಿಕೊಂಡು ಹೊಸದನ್ನು ಹೊಡೆದುಹಾಕಿದ್ದು ಎಷ್ಟೋ ಸಲ ಆಗಿದೆ. ಆದರೂ ನಮ್ಮದೇ ನೋಟ್‌ಬುಕ್‌ನಲ್ಲಿ ಆದಾಗ ಮುಖ ಸಪ್ಪಗಾಗುತ್ತದೆ.

ನಾನು ಮುಗ್ಗರಿಸಿದ್ದು ಬಣ್ಣ ನಂಬಿ. ಶುರುವಿನಲ್ಲಿ ಎಲ್ಲರೂ ನಂಬುತ್ತಾರೆ, ಫೋಟೋದಲ್ಲಿ ಕಾಣೋದು ಅದೇ ಅಲ್ವಾ? ಮಿಸುಮೆನಾ ವೇಷಿಯಾ ಎಂಬ ಏಡಿ ಜೇಡ ಇದೆ. ಅದರ ಹೆಣ್ಣು ಬಿಳಿ ಹೂವಿನ ಮೇಲೆ ಬಿಳಿ, ಹಳದಿ ಹೂವಿಗೆ ಹೋಗಿ ಕೆಲವು ದಿನ ಕೂತರೆ ಹಳದಿ. ಅದೇ ಜೇಡ! ಇದರ ಪೂರ್ತಿ ಹೆಸರಿನ ಪಕ್ಕ ‘(ಕ್ಲರ್ಕ್, 1757)’ ಅಂತ ಇರುತ್ತದೆ. ಆ ಕಂಸ ಸುಮ್ನೆ ಹಾಕಿದ್ದಲ್ಲ. ಕಾರ್ಲ್ ಕ್ಲರ್ಕ್ ಹೆಸರಿಟ್ಟಾಗ ಅದು ಬೇರೆ ಕುಲದಲ್ಲಿತ್ತು (ಕುಲ ಅಂದರೆ ಹತ್ತಿರದ ಪ್ರಭೇದಗಳ ಗುಂಪು), ಆಮೇಲೆ ಯಾರೋ ಈ ಕುಲಕ್ಕೆ ತಂದರು ಅಂತ ಅದರ ಅರ್ಥ. ಇನ್ನೊಂದು ತಮಾಷೆ: ಪ್ರಾಣಿಗಳ ಹೆಸರುಗಳ ಲೆಕ್ಕ ಶುರುವಾಗುವುದು ಲಿನೇಯಸ್‌ನ 1758ರ ಪುಸ್ತಕದಿಂದ. ಕ್ಲರ್ಕ್ ಒಂದು ವರ್ಷ ಮೊದಲೇ ಬರೆದುಬಿಟ್ಟಿದ್ದರು. ಹಾಗಾಗಿ ಅವರ ಜೇಡಗಳಿಗಾಗಿ ನಿಯಮದಲ್ಲೇ ವಿಶೇಷ ಜಾಗ ಮಾಡಿಕೊಟ್ಟಿದ್ದಾರೆ.

ಈಗ ನಾನು ಮೊದಲು ನೋಡುವುದು ಕಣ್ಣು. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು, ಅವು ಕೂತಿರುವ ರೀತಿ ನೋಡಿದರೆ ಎಷ್ಟೋ ಸಲ ಕುಟುಂಬ ಗೊತ್ತಾಗುತ್ತದೆ. ಮುಂದೆ ನಡುವೆ ಎರಡು ದೊಡ್ಡ ಹೆಡ್‌ಲೈಟ್ ಇದ್ದರೆ ಜಿಗಿಯುವ ಜೇಡ. ಕೆಳಗೆ ಸಾಲಾಗಿ ನಾಲ್ಕು ಚಿಕ್ಕವು, ಮೇಲೆ ಎರಡು ದೊಡ್ಡವು, ಹಿಂದೆ ಇನ್ನೆರಡು ಇದ್ದರೆ ತೋಳ ಜೇಡ. ಕೆಲವು ಸಲ ಲೆನ್ಸ್ ಕೂಡ ಬೇಡ. ಮೊಟ್ಟೆ ಚೀಲವನ್ನು ಹಿಂಭಾಗಕ್ಕೆ ಅಂಟಿಸಿಕೊಂಡು ಓಡಿದರೆ ತೋಳ ಜೇಡ, ಬಾಯಲ್ಲಿ ಕಚ್ಚಿಕೊಂಡು ಓಡಿದರೆ ನರ್ಸರಿ ವೆಬ್ ಜೇಡ.

ಕುಟುಂಬದಿಂದ ಕೆಳಗೆ ಇಳಿಯಲು ‘ಕೀ’ ಎಂಬ ಗುರುತು ಹಿಡಿಯುವ ಪಟ್ಟಿ ಬೇಕು. ಒಂದು ಮೆಟ್ಟಿಲಿಗೆ ಎರಡು ಮಾತು, ಒಂದನ್ನು ಆರಿಸು, ಮುಂದಿನ ಮೆಟ್ಟಿಲಿಗೆ ಹೋಗು. ಕಾಲಿನಲ್ಲಿ ಮುಳ್ಳು ಎಷ್ಟು ಜೊತೆ, ದವಡೆಯಲ್ಲಿ ಹಲ್ಲು ಎಷ್ಟು, ಹೀಗೆ. ಇದರ ದೊಡ್ಡ ತೊಂದರೆ ಏನೆಂದರೆ, ದಾರಿ ತಪ್ಪಿದ್ದೀಯ ಅಂತ ಕೀ ಯಾವತ್ತೂ ಹೇಳುವುದಿಲ್ಲ. ಮೂರನೇ ಮೆಟ್ಟಿಲಲ್ಲಿ ಎಡವಿದರೂ ಕೊನೆಗೆ ಒಂದು ಹೆಸರು ಕೈಗಿಟ್ಟೇ ಕಳಿಸುತ್ತದೆ. 22ನೇ ಸೀಸೆಗೆ ನಾನು ಕೊಟ್ಟಿದ್ದ ಹೆಸರು ಹಾಗೆ ಸಿಕ್ಕಿದ್ದೇ. ಈಗ ಅನುಮಾನ ಬಂದ ಮೆಟ್ಟಿಲಿಂದ ಎರಡೂ ದಾರಿ ಹಿಡಿದು ನೋಡುತ್ತೇನೆ. ಸಿಕ್ಕ ಹೆಸರಿನ ಮೂಲ ವಿವರಣೆ ತೆರೆದು, ಮೊದಲ ಸಾಲಿನಿಂದ ಕೊನೆಯವರೆಗೆ ಜೇಡದ ಜೊತೆ ಹೋಲಿಸುತ್ತೇನೆ. ಬೇಜಾರಿನ ಕೆಲಸ. ಆದರೆ ಬೇರೆ ದಾರಿ ಇಲ್ಲ.

ಪ್ರಭೇದದ ಮಟ್ಟಕ್ಕೆ ಬಂದರೆ ಹೆಚ್ಚಾಗಿ ತೀರ್ಮಾನ ಹೇಳುವುದು ಜನನಾಂಗ. ಗಂಡಿನಲ್ಲಿ ಮುಖದ ಪಕ್ಕದ, ಪುಟ್ಟ ಕಾಲಿನಂಥ ಪಾಲ್ಪ್, ಹೆಣ್ಣಿನಲ್ಲಿ ಹೊಟ್ಟೆಯ ಕೆಳಗಿರುವ ಎಪಿಗೈನ್ ಎಂಬ ಪುಟ್ಟ ಕಂದು ತಟ್ಟೆ. ಆ ತಟ್ಟೆಯ ಒಳಗಿನ ಕೊಳವೆಗಳು ಹೇಗೆ ಸುತ್ತಿಕೊಂಡಿವೆ ಅನ್ನುವುದೇ ಮುಖ್ಯ. ಮೈಕ್ರೋಸ್ಕೋಪ್ ಕೆಳಗೆ ಸಣ್ಣ ಸೂಜಿಯಿಂದ ಸುತ್ತ ಕತ್ತರಿಸಿ ಎತ್ತಿ, 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಹಾಕಬೇಕು. ಮಾಂಸ ಕರಗುತ್ತದೆ, ಗಟ್ಟಿ ಭಾಗ ಉಳಿಯುತ್ತದೆ. ನೀರಲ್ಲಿ ತೊಳೆದು ಲವಂಗದ ಎಣ್ಣೆಯಲ್ಲಿ ಇಟ್ಟರೆ ತಟ್ಟೆ ಗಾಜಿನ ಹಾಗಾಗಿ ಒಳಗಿನ ಸುರುಳಿ ಕಾಣುತ್ತದೆ. ನನ್ನ ಮೊದಲನೆಯದನ್ನು ಹಾಕಿ ಮರೆತು ಮಲಗಿದೆ. ಬೆಳಿಗ್ಗೆ ಎಲ್ಲ ಎಷ್ಟು ಮಸುಕಾಗಿತ್ತೆಂದರೆ ಯಾವ ಕೊಳವೆಯ ಅಂಚೂ ಕಾಣಲಿಲ್ಲ. ಎರಡನೆಯದು ಸೂಜಿಯ ತುದಿಯಿಂದ ಚಿಮ್ಮಿ ಹೋಯಿತು. ಅರ್ಧ ಮಿಲಿಮೀಟರ್ ವಸ್ತುವನ್ನು ಮೇಜಿನ ಮೇಲೆ ಹುಡುಕಿ ನೋಡಿ, ಗೊತ್ತಾಗುತ್ತದೆ. ಸಿಗಲಿಲ್ಲ.

ಹೆಣ್ಣಿನ ಎಪಿಗೈನ್ ನೋಡಿದ ಮಾತ್ರಕ್ಕೆ ಅದರ ಗಂಡು ಯಾವುದು ಅಂತ ಹೇಳುವುದು ಕಷ್ಟ. ಹಾಗಾಗಿ 14 ಮತ್ತು 22ರ ನಂಟು ಗೊತ್ತಾಗಿದ್ದು ಡಿಎನ್‌ಎಯಿಂದ. ಮೈಟೊಕಾಂಡ್ರಿಯಾದ ಸಿಒಐ ಎಂಬ ಜೀನ್‌ನ ಸುಮಾರು 650 ಅಕ್ಷರಗಳ ತುಣುಕನ್ನು ಪ್ರಾಣಿಗಳಿಗೆ ಬಾರ್‌ಕೋಡ್ ಮಾಡಬಹುದು ಅಂತ 2003ರಲ್ಲಿ ಪಾಲ್ ಹೆಬರ್ಟ್ ತಂಡ ಹೇಳಿತು. ಒಂದು ಕಾಲು ಸಾಕು. ಆದರೆ ನಾನು ಎಲ್ಲವನ್ನೂ 70% ಆಲ್ಕೋಹಾಲ್‌ನಲ್ಲಿ ಇಟ್ಟಿದ್ದೆ. ಮೈ ಮೆತ್ತಗಿರಲು ಅದು ಒಳ್ಳೆಯದು, ಡಿಎನ್‌ಎ ಉಳಿಯಲು 95% ಬೇಕು, ಅದೂ ತಂಪಾದ ಜಾಗದಲ್ಲಿ. ಹಳೆಯ ಸೀಸೆಗಳಿಂದ ಏನೂ ಬರಲಿಲ್ಲ. ಅದೇ ಪೊದೆಗೆ ಮತ್ತೆ ಹೋಗಿ, ಅಂಥದೇ ಎರಡನ್ನು ಹಿಡಿದು ತರಬೇಕಾಯಿತು. ಈ ಸಲ ಅಷ್ಟೂ ಅಕ್ಷರಗಳಲ್ಲಿ ಬೇರೆಯಾಗಿದ್ದದ್ದು ಎರಡೇ.

ಹಾಗಂತ ಡಿಎನ್‌ಎ ಕೈಯಲ್ಲಿದ್ದರೆ ಗೆದ್ದ ಹಾಗೆ ಅಂದುಕೊಳ್ಳಬೇಡಿ. ಇನ್ನೊಂದು ಸೀಸೆಯ ತುಣುಕು ಡೇಟಾಬೇಸ್‌ನಲ್ಲಿ ಒಂದು ಹೆಸರಿಗೆ 99% ಹೊಂದಿತು. ಖುಷಿಯಿಂದ ಪಾಲ್ಪ್ ನೋಡಿದರೆ ಆ ಪ್ರಭೇದದ್ದು ಅಲ್ಲವೇ ಅಲ್ಲ. ಆ ತುಣುಕನ್ನು ಅಲ್ಲಿ ಸೇರಿಸಿದವರು ಮರಿ ಜೇಡ ನೋಡಿ ಹೆಸರು ಊಹಿಸಿದ್ದರು. ಮರಿಗಳಲ್ಲಿ ಪಾಲ್ಪ್ ಆಗಲಿ ಎಪಿಗೈನ್ ಆಗಲಿ ಇನ್ನೂ ಬೆಳೆದಿರುವುದಿಲ್ಲ. ಬಾರ್‌ಕೋಡ್ ಸರಿ, ಲೇಬಲ್ ತಪ್ಪು.

ಅಷ್ಟಕ್ಕೂ ಪ್ರಭೇದ ಅಂದರೆ ಏನು? ತಮ್ಮತಮ್ಮಲ್ಲಿ ಕೂಡಿ ಸಂತಾನ ಪಡೆಯುವ, ಬೇರೆ ಗುಂಪಿನ ಜೊತೆ ಕೂಡದ ಗುಂಪು ಅಂತ ಅರ್ನ್‌ಸ್ಟ್ ಮೇಯರ್ 1942ರಲ್ಲಿ ಹೇಳಿದರು. ಕೇಳಲು ಚೆನ್ನಾಗಿದೆ. ಆದರೆ ಆಲ್ಕೋಹಾಲ್‌ನಲ್ಲಿ ಸತ್ತು ಬಿದ್ದಿರುವ ಜೇಡವನ್ನು ಯಾರ ಜೊತೆ ಕೂಡಿಸಿ ನೋಡಲಿ? ಜೀವಂತ ನೋಡಿದವರಿಗೆ ಮಾತ್ರ ಕೆಲವು ಗುಟ್ಟು ಬಿಟ್ಟುಕೊಟ್ಟಿವೆ. ಉತ್ತರ ಅಮೆರಿಕದ ಸ್ಕೈಜೊಕೋಸಾ ಕುಲದಲ್ಲಿ ಎರಡು ತೋಳ ಜೇಡಗಳಿವೆ, ಅವುಗಳ ಹೆಣ್ಣುಗಳನ್ನು ನೋಡಿ ಬೇರೆ ಮಾಡಲು ಆಗುವುದೇ ಇಲ್ಲ ಅನ್ನಬಹುದು. ಗಂಡುಗಳಲ್ಲಿ ಒಂದಕ್ಕೆ ಮುಂಗಾಲಲ್ಲಿ ಕೂದಲ ಕುಚ್ಚು, ಇನ್ನೊಂದಕ್ಕೆ ಇಲ್ಲ, ಹೆಣ್ಣನ್ನು ಒಲಿಸುವ ಕುಣಿತವೂ ಬೇರೆ. ಹೆಣ್ಣಿಗೆ ತನ್ನವನ ಕುಣಿತ ಗೊತ್ತು. ನಮಗೆ ಗೊತ್ತಾಗಿ ಎರಡನೆಯದಕ್ಕೆ ಹೆಸರು ಬಂದಿದ್ದು 1979ರಲ್ಲಿ.

ಅದಕ್ಕೇ ಈಗ ಮರಿ ಸಿಕ್ಕರೆ ಆಲ್ಕೋಹಾಲ್‌ಗೆ ಹಾಕುವುದಿಲ್ಲ, ಡಬ್ಬಿಯಲ್ಲಿ ಸಾಕುತ್ತೇನೆ. ‘ಪ್ರಭೇದ 3’ ಅಂತ ಚೀಟಿ ಅಂಟಿಸಿದ ಒಂದು ಮರಿ ಕಿಟಕಿಯ ಹತ್ತಿರ ಇದೆ, ಹಣ್ಣಿನ ನೊಣ ತಿಂದುಕೊಂಡು. ಮೊನ್ನೆ ಪೊರೆ ಬಿಟ್ಟಿತು. ಪಾಲ್ಪ್‌ನ ತುದಿ ಬಾಕ್ಸಿಂಗ್ ಗ್ಲವ್ಸ್ ಹಾಗೆ ಊದಿಕೊಂಡಿದೆ, ಅಂದರೆ ಗಂಡು. ಒಳಗಿನ ಆಕಾರ ಇನ್ನೂ ಬಿಚ್ಚಿಕೊಂಡಿಲ್ಲ. ಇನ್ನೊಂದು ಪೊರೆ ಬಿಡುವವರೆಗೆ ಕಾಯಬೇಕು.