ಕಾರ್ಬನ್ ಲೆಕ್ಕ ಅಕೌಂಟ್ಸ್ ಫೈಲ್‌ನಿಂದ ಶುರುವಾಯಿತು

ನಾನು ಕೆಲಸ ಮಾಡುವುದು ಯಂತ್ರಗಳ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಂಪನಿಯಲ್ಲಿ. ನಮ್ಮ ದೊಡ್ಡ ಗ್ರಾಹಕರೊಬ್ಬರು ಒಂದು ಪ್ರಶ್ನಾವಳಿ ಕಳಿಸಿದರು: ನಿಮ್ಮ ಕಾರ್ಬನ್ ಹೊರಸೂಸುವಿಕೆ ಎಷ್ಟು, ಎಷ್ಟು ವರ್ಷದಲ್ಲಿ ಎಷ್ಟು ಇಳಿಸುತ್ತೀರಿ? ಮೀಟಿಂಗ್‌ನಲ್ಲಿ ಬಂದ ಮೊದಲ ಸಲಹೆ, "ಒಂದಷ್ಟು ಗಿಡ ನೆಡಿಸಿ, ಕ್ರೆಡಿಟ್ ತಗೊಂಡು ಮುಗಿಸಿಬಿಡೋಣ." ಕ್ರೆಡಿಟ್ ಅಂದರೆ ಬೇರೆಲ್ಲೋ ಕಾರ್ಬನ್ ಇಳಿಸಿದ್ದಕ್ಕೆ ಸಿಗುವ, ಹಣ ಕೊಟ್ಟು ಕೊಳ್ಳಬಹುದಾದ ಪತ್ರ. ಎಷ್ಟು ಬಿಡುತ್ತಿದ್ದೇವೆ ಅಂತಲೇ ಗೊತ್ತಿಲ್ಲದೆ ಎಷ್ಟು ಗಿಡ ನೆಡೋದು? ಕೆಲಸ ನನ್ನ ತಲೆಗೆ ಬಂತು. ನಾನು ಹೋಗಿ ಕೂತಿದ್ದು ಅಕೌಂಟ್ಸ್ ವಿಭಾಗದಲ್ಲಿ.

ಯಾಕೆಂದರೆ ಕಾರ್ಬನ್ ಲೆಕ್ಕದ ಮುಕ್ಕಾಲು ಭಾಗ ಬಿಲ್‌ಗಳಲ್ಲೇ ಇರುತ್ತದೆ. ಕರೆಂಟ್ ಬಿಲ್, ಡೀಸೆಲ್ ರಸೀದಿ, ಗ್ಯಾಸ್ ಬಿಲ್, ಸಾಗಣೆ ಇನ್ವಾಯ್ಸ್, ವಿಮಾನದ ಟಿಕೆಟ್. ಇವನ್ನು ಹೇಗೆ ಜೋಡಿಸಬೇಕು ಅನ್ನುವುದಕ್ಕೆ ಜಿಎಚ್‌ಜಿ (ಹಸಿರುಮನೆ ಅನಿಲ) ಪ್ರೊಟೊಕಾಲ್ ಅನ್ನುವ ಮಾನದಂಡ 2001ರಿಂದಲೇ ಇದೆ. ನಮ್ಮ ಆವರಣದಲ್ಲೇ ಉರಿಯುವ, ಸೋರುವ ಎಲ್ಲವೂ ಸ್ಕೋಪ್ 1. ಕೊಂಡ ಕರೆಂಟ್ ಸ್ಕೋಪ್ 2. ಕಚ್ಚಾ ಮಾಲು, ಸಾಗಣೆ, ಪ್ರಯಾಣ, ಗ್ರಾಹಕರು ಬಳಸುವಾಗ ಆಗುವುದು, ಹೀಗೆ ಉಳಿದ 15 ಬಗೆಗಳು ಸ್ಕೋಪ್ 3. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಆಮೇಲೆ ಬರೀ ಗುಣಾಕಾರ. ಮೊದಲ ವರ್ಷ ಸ್ಪ್ರೆಡ್‌ಶೀಟ್ ಸಾಕು, ದುಬಾರಿ ಸಾಫ್ಟ್‌ವೇರ್ ಬೇಡ. ಅಂಕಿ ಎಲ್ಲಿಂದ ಬಂತು ಅಂತ ಪ್ರತಿ ಸಾಲಿನ ಪಕ್ಕದಲ್ಲೂ ಬರೆದಿಟ್ಟರೆ ಆಡಿಟರ್ ಬಂದಾಗ ನಿದ್ದೆ ಕೆಡುವುದಿಲ್ಲ.

ಎಲ್ಲರಿಗೂ ಆಶ್ಚರ್ಯ ಆಗಿದ್ದು ಎಸಿ ಗ್ಯಾಸ್ ಲೆಕ್ಕ. ಆರ್-410ಎ ಅನ್ನುವ ಗ್ಯಾಸ್ ಒಂದು ಕೆ.ಜಿ. ಸೋರಿದರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು 2,088 ಕೆ.ಜಿ. ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಅಂದರೆ ಹತ್ತು ಕೆ.ಜಿ. ಸಿಲಿಂಡರ್ ಒಂದು ಖಾಲಿಯಾದರೆ ಸುಮಾರು 7,700 ಲೀಟರ್ ಡೀಸೆಲ್ ಉರಿಸಿದ ಹಾಗೆ. ಸರ್ವಿಸ್‌ನವರು ಬಂದು "ಗ್ಯಾಸ್ ಕಮ್ಮಿ ಆಗಿದೆ, ಟಾಪ್-ಅಪ್ ಮಾಡ್ತೀವಿ" ಅಂತ ಹೇಳಿ ಹೋಗುತ್ತಿದ್ದರು. ಗ್ಯಾಸ್ ಸುಮ್ನೆ ಕಮ್ಮಿ ಆಗಲ್ಲ ಅಲ್ವಾ? ಎಲ್ಲೋ ಸೋರುತ್ತಿದೆ. ಈಗ ಒಪ್ಪಂದದಲ್ಲೇ ಬರೆದಿದ್ದೇವೆ: ಸೋರಿಕೆ ಹುಡುಕಿ ಮುಚ್ಚದೆ ತುಂಬುವ ಹಾಗಿಲ್ಲ, ತುಂಬಿದ ತೂಕ ಬಿಲ್‌ನಲ್ಲಿ ಕಾಣಬೇಕು. ಹೊಸ ಎಸಿ ಕೊಳ್ಳುವಾಗ ಆರ್-32 ಕೇಳುತ್ತೇವೆ. ಅದರ ಅಂಕಿ 675.

ಇನ್ನೊಂದು ಸೋರಿಕೆಗೆ ಬಿಲ್ಲೇ ಇಲ್ಲ. ಉಪಕರಣಗಳನ್ನು ನಡೆಸಲು ಕಂಪ್ರೆಸರ್ ಒತ್ತಿ ಕೊಡುವ ಗಾಳಿ. ಸರಿಯಾಗಿ ನೋಡಿಕೊಳ್ಳದ ಕಾರ್ಖಾನೆಯಲ್ಲಿ ಕಂಪ್ರೆಸರ್ ಕೊಡುವ ಗಾಳಿಯ 20ರಿಂದ 30 ಶೇಕಡಾ ಸೋರಿಕೆಯಲ್ಲೇ ಹೋಗುವುದು ಮಾಮೂಲು. ಗಾಳಿ ಬಿಟ್ಟಿ ಅನ್ನುವ ಭಾವನೆ ಎಲ್ಲರಿಗೂ ಇದೆ. ಅದನ್ನು ಒತ್ತಲು ಬೇಕಾದ ಕರೆಂಟ್ ಬಿಟ್ಟಿ ಅಲ್ಲ. ರಜೆಯ ದಿನ ಯಂತ್ರಗಳೆಲ್ಲ ನಿಂತಿರುವಾಗ ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿ ಶಾಪ್ ಒಳಗೆ ನಡೆದರೆ ಸಾಕು. ಬೇರೆ ದಿನ ಗದ್ದಲದಲ್ಲಿ ಮುಚ್ಚಿಹೋಗುವ ಬುಸ್ ಬುಸ್ ಸದ್ದು ಒಂದೊಂದೇ ಕೇಳಿಸುತ್ತದೆ. ಮೆಂಟೆನೆನ್ಸ್‌ನ ಹಿರಿಯರೊಬ್ಬರು ಸೋಪು ನೀರಿನ ಬ್ರಷ್ ಹಿಡಿದು ಮುಂದೆ, ನಾನು ಟ್ಯಾಗ್ ಕಟ್ಟುತ್ತಾ ಹಿಂದೆ. ಪೈಪ್ ಜೋಡಣೆಗಳಿಗಿಂತ ಜಾಸ್ತಿ ಸಿಕ್ಕಿದ್ದು ಗಾಳಿ ಊದುವ ಬ್ಲೋಗನ್‌ಗಳ ಬುಡದಲ್ಲಿ, ಹಳೇ ಹೋಸ್‌ಗಳ ಕ್ಲಿಪ್‌ಗಳಲ್ಲಿ. ಯಾವತ್ತೋ ಸಾಗಿಸಿದ ಯಂತ್ರದ ಜಾಗದಲ್ಲಿ ತೆರೆದೇ ಉಳಿದ ಒಂದು ಲೈನ್ ಕೂಡ ಸಿಕ್ಕಿತು. ಕಿವಿಗೆ ಕೇಳಿಸದ ಸಣ್ಣ ಸೋರಿಕೆಗಳಿಗೆ ಅಲ್ಟ್ರಾಸೋನಿಕ್ ಡಿಟೆಕ್ಟರ್ ಬಾಡಿಗೆಗೆ ತಂದೆವು. ಸೋರಿಕೆ ಮುಚ್ಚಿದ ಮೇಲೆ ಒತ್ತಡವನ್ನೂ ಇಳಿಸಬಹುದು. ಒಂದು ಬಾರ್ ಇಳಿಸಿದರೆ ಕರೆಂಟ್ ಸುಮಾರು 7 ಶೇಕಡಾ ಉಳಿಯುತ್ತದೆ ಅನ್ನುವುದು ಈ ಕಸುಬಿನವರ ಅಂದಾಜು. ಆದರೆ "ಒತ್ತಡ ಕಮ್ಮಿ ಮಾಡಿದರೆ ಕ್ಲಾಂಪ್ ಹಿಡಿಯಲ್ಲ ಸಾರ್" ಅಂತ ಪ್ರೊಡಕ್ಷನ್‌ನವರು ಹೇಳಿದರೆ ಅವರ ಮಾತು ಕೇಳಲೇಬೇಕು. ಸ್ವಲ್ಪ ಸ್ವಲ್ಪವೇ ಇಳಿಸಿ, ಶಿಫ್ಟ್‌ಗಟ್ಟಲೆ ನೋಡಿ, ಮತ್ತೆ ಇಳಿಸಿದೆವು.

ಫ್ಯಾನ್, ಪಂಪ್‌ಗಳಿಗೆ ವೇಗ ಬದಲಿಸುವ ಡ್ರೈವ್ ಹಾಕುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಫ್ಯಾನ್ ವೇಗ 20 ಶೇಕಡಾ ಇಳಿಸಿದರೆ ಅದು ಎಳೆಯುವ ಕರೆಂಟ್ ಹೆಚ್ಚುಕಮ್ಮಿ ಅರ್ಧಕ್ಕೆ ಬರುತ್ತದೆ. ಇಷ್ಟು ಹೇಳಿದರೆ ಫೈನಾನ್ಸ್‌ನವರೇ ಸಹಿ ಹಾಕುತ್ತಾರೆ.

ಇದೆಲ್ಲ ಆದ ಮೇಲೆ ಉಳಿದ ಕರೆಂಟ್‌ಗೆ ಚಾವಣಿ ಮೇಲೆ ಸೋಲಾರ್ ಬಂತು. ಇನ್ನಷ್ಟಕ್ಕೆ ನವೀಕರಿಸಬಹುದಾದ ಇಂಧನದ ಖರೀದಿ ಒಪ್ಪಂದ. ಉಳಿತಾಯ ಮೊದಲು ಮಾಡಿದ್ದರಿಂದ ಕೊಳ್ಳಬೇಕಾದ ಪ್ರಮಾಣವೇ ಕಮ್ಮಿ ಆಯಿತು. ಇಲ್ಲೊಂದು ಸೂಕ್ಷ್ಮ ಇದೆ. ಸ್ಕೋಪ್ 2ನ್ನು ಎರಡು ರೀತಿ ತೋರಿಸಬೇಕು: ನಾವಿರುವ ಗ್ರಿಡ್‌ನ ಸರಾಸರಿಯಲ್ಲಿ ಒಮ್ಮೆ, ನಾವು ಮಾಡಿಕೊಂಡ ಒಪ್ಪಂದದ ಪ್ರಕಾರ ಇನ್ನೊಮ್ಮೆ. ಬರೀ ನವೀಕರಿಸಬಹುದಾದ ಇಂಧನದ ಸರ್ಟಿಫಿಕೇಟ್ ಕೊಂಡು ಎರಡನೇ ಅಂಕಿ ಸೊನ್ನೆ ಮಾಡಿ, ಮೊದಲನೆಯದನ್ನು ಕೆಳಗೆ ಸಣ್ಣಕ್ಷರದಲ್ಲಿ ಹಾಕುವವರಿದ್ದಾರೆ. ನಾವು ಎರಡನ್ನೂ ಅಕ್ಕಪಕ್ಕ ಹಾಕುತ್ತೇವೆ.

ಕಾರ್ಖಾನೆ ಒಳಗೆ ಇಷ್ಟು ಗುದ್ದಾಡಿದರೂ ದೊಡ್ಡ ಪಾಲು ಹೊರಗಿತ್ತು. ಕೊಂಡ ಲೋಹದಲ್ಲಿ. ಕರಗಿಸಿ ಮರುಬಳಸಿದ ಅಲ್ಯೂಮಿನಿಯಂಗೆ ಅದಿರಿನಿಂದ ತೆಗೆದ ಅಲ್ಯೂಮಿನಿಯಂಗೆ ಬೇಕಾದ ಶಕ್ತಿಯ ಸುಮಾರು 5 ಶೇಕಡಾ ಸಾಕು. ಹಾಗಾದರೆ ಎಲ್ಲಾ ಕಡೆ ಅದನ್ನೇ ಹಾಕಬಹುದಲ್ಲ ಅಂದರೆ ಡಿಸೈನ್‌ನವರು ಮಿಶ್ರಲೋಹದ ಗುಣಮಟ್ಟದ ಪಟ್ಟಿ ತೆಗೆದು ತೋರಿಸುತ್ತಾರೆ. ಅವರ ಜೊತೆ ಕೂತು, ಯಾವ ಭಾಗಕ್ಕೆ ನಡೆಯುತ್ತದೆ, ಯಾವುದಕ್ಕೆ ಇಲ್ಲ ಅಂತ ಒಂದೊಂದೇ ನೋಡಿದೆವು. ಇನ್ನೊಂದು ವಿಮಾನದಲ್ಲಿ ಹೋಗುವ ಸರಕು. ಹಡಗಿಗೆ ಹೋಲಿಸಿದರೆ ಅಷ್ಟೇ ಭಾರ ಅಷ್ಟೇ ದೂರ ಸಾಗಿಸಲು ಹತ್ತಾರು ಪಟ್ಟು ಜಾಸ್ತಿ ಹೊರಸೂಸುವಿಕೆ. ಯಾಕೆ ವಿಮಾನ ಅಂತ ಬೆನ್ನು ಹತ್ತಿದರೆ ಸಿಕ್ಕ ಉತ್ತರ ತಡವಾದ ಪ್ಲಾನಿಂಗ್. ಹವಾಮಾನದ ಸಮಸ್ಯೆ ಅಂದುಕೊಂಡಿದ್ದು ಶೆಡ್ಯೂಲಿಂಗ್ ಸಮಸ್ಯೆ ಆಗಿತ್ತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಒಳಗಿನ ಕಾರ್ಬನ್ ಬೆಲೆ. ಪ್ರತಿ ಟನ್‌ಗೆ ಇಷ್ಟು ಅಂತ ಆಯಾ ವಿಭಾಗದ ಬಜೆಟ್‌ನಿಂದ ಕಳೆಯುವುದು. ಮೈಕ್ರೋಸಾಫ್ಟ್ ಇಂಥದ್ದನ್ನು 2012ರಲ್ಲೇ ಶುರು ಮಾಡಿತ್ತು. ಕಳೆದ ಹಣ ಒಂದು ನಿಧಿಗೆ ಹೋಗುತ್ತದೆ, ಮುಂದಿನ ಡ್ರೈವ್, ಮುಂದಿನ ಮೀಟರ್ ಅದರಿಂದಲೇ. ಕಾರ್ಬನ್ ನನ್ನ ಸ್ಲೈಡ್‌ನಲ್ಲಿ ಇರುವವರೆಗೆ ಎಲ್ಲರೂ ತಲೆಯಾಡಿಸುತ್ತಿದ್ದರು. ಅವರವರ ಬಜೆಟ್‌ಗೆ ಬಂದ ಮೇಲೆ ಫೋನ್ ಬರತೊಡಗಿದವು.

ಇನ್ನು ಆಫ್‌ಸೆಟ್, ಅಂದರೆ ನಾವು ಬಿಟ್ಟಿದ್ದಕ್ಕೆ ಬದಲಾಗಿ ಕ್ರೆಡಿಟ್ ಕೊಳ್ಳುವುದು. ಬೇಡವೇ ಬೇಡ ಅನ್ನುವವನಲ್ಲ ನಾನು. ಲೋಹವನ್ನು ಕಾಯಿಸಿ ಹದಗೊಳಿಸುವ ನಮ್ಮ ಹೀಟ್ ಟ್ರೀಟ್‌ಮೆಂಟ್ ಫರ್ನೇಸ್ ಇನ್ನೂ ಗ್ಯಾಸ್ ಮೇಲೇ ಓಡುತ್ತಿದೆ, ಅದನ್ನು ನಾಳೆಯೇ ಬದಲಿಸಲು ಆಗಲ್ಲ. ಆದರೆ ಕ್ರಮ ಮುಖ್ಯ. ಕಂಪನಿಗಳ ಹವಾಮಾನ ಗುರಿಗಳನ್ನು ಪರಿಶೀಲಿಸುವ ಸೈನ್ಸ್ ಬೇಸ್ಡ್ ಟಾರ್ಗೆಟ್ಸ್ ಇನಿಷಿಯೇಟಿವ್ 2021ರಲ್ಲಿ ತಂದ ನೆಟ್-ಜೀರೋ (ನಿವ್ವಳ ಸೊನ್ನೆ) ಮಾನದಂಡದ ಪ್ರಕಾರ ಹೆಚ್ಚಿನ ಕಂಪನಿಗಳು ಮೊದಲು 90 ಶೇಕಡಾದಷ್ಟು ನಿಜವಾಗಿ ಇಳಿಸಬೇಕು. ಉಳಿದಿದ್ದಕ್ಕೆ ಮಾತ್ರ ಗಾಳಿಯಿಂದ ಕಾರ್ಬನ್ ತೆಗೆದು ಶಾಶ್ವತವಾಗಿ ಕೂಡಿಡುವ ದಾರಿ. ಕ್ರೆಡಿಟ್ ಕೊಂಡು ಗುರಿ ಮುಟ್ಟಿದೆ ಅನ್ನುವಂತಿಲ್ಲ.

ಕೊಳ್ಳುವಾಗ ನಾನು ಬ್ರೋಷರ್ ಬದಿಗಿಟ್ಟು ಯೋಜನೆಯ ಮೂಲ ದಾಖಲೆ ಓದುತ್ತೇನೆ. ಉದ್ದ ಇರುತ್ತದೆ, ಓದಲು ಬೇಜಾರು. ಮೊದಲು ನೋಡುವುದು ಬೇಸ್‌ಲೈನ್: ಈ ಹಣ ಬರದಿದ್ದರೆ ಏನಾಗುತ್ತಿತ್ತು ಅಂತ ಬರೆದಿದ್ದಾರೆ? ಕಡಿಯುವ ಅಪಾಯವೇ ಇಲ್ಲದ ಕಾಡನ್ನು "ಉಳಿಸಿದೆವು" ಅಂದರೆ ಆ ಕ್ರೆಡಿಟ್‌ನಲ್ಲಿ ಹುರುಳಿಲ್ಲ. ಇಲ್ಲಿ ಮರಕಡಿತ ನಿಲ್ಲಿಸಿದರೆ ಪಕ್ಕದಲ್ಲಿ ಶುರುವಾಗುತ್ತದಾ? ಬೆಂಕಿ ಬಿದ್ದರೆ ಏನು, ಮೀಸಲು ಕ್ರೆಡಿಟ್ ಎತ್ತಿಟ್ಟಿದ್ದಾರಾ? ಕ್ಯೋಟೋ ಒಪ್ಪಂದದ ಕಾಲದಲ್ಲಿ ಎಚ್‌ಎಫ್‌ಸಿ-23 ಅನ್ನುವ ಗ್ಯಾಸ್ ನಾಶ ಮಾಡಿದ್ದಕ್ಕೆ ಕ್ರೆಡಿಟ್ ಸಿಗುತ್ತಿತ್ತು. ಅದು ಇನ್ನೊಂದು ಗ್ಯಾಸ್ ತಯಾರಿಸುವಾಗ ಹುಟ್ಟುವ ತ್ಯಾಜ್ಯ. ಕ್ರೆಡಿಟ್‌ಗಾಗಿಯೇ ಉತ್ಪಾದನೆ ಜಾಸ್ತಿ ಮಾಡುವ ಆಮಿಷ ಹುಟ್ಟಿತು. 2013ರಲ್ಲಿ ಐರೋಪ್ಯ ಒಕ್ಕೂಟ ತನ್ನ ಮಾರುಕಟ್ಟೆಯಲ್ಲಿ ಅಂಥ ಕ್ರೆಡಿಟ್ ಬಳಸುವುದನ್ನೇ ನಿಷೇಧಿಸಿತು. ಹಾವಿನ ತಲೆಗೆ ಬಹುಮಾನ ಇಟ್ಟರೆ ಹಾವು ಸಾಕುವವರು ಹುಟ್ಟಿಕೊಂಡರು ಅನ್ನುವ ಕಥೆಯ ಹಾಗೆ.

ಕೊಂಡ ಮೇಲೂ ಕೆಲಸ ಮುಗಿಯಲ್ಲ. ಒಂದು ಕ್ರೆಡಿಟ್ ಅಂದರೆ ಒಂದು ಟನ್, ಅದಕ್ಕೊಂದು ಕ್ರಮಸಂಖ್ಯೆ. ವೆರ್ರಾ, ಗೋಲ್ಡ್ ಸ್ಟ್ಯಾಂಡರ್ಡ್ ಥರದ ರಿಜಿಸ್ಟ್ರಿಗಳಲ್ಲಿ ಅದನ್ನು ನಮ್ಮ ಹೆಸರಲ್ಲಿ ರಿಟೈರ್ ಮಾಡಿಸಬೇಕು, ಅಂದರೆ ಬಳಸಿ ಮುಗಿಯಿತು ಅಂತ ದಾಖಲಿಸಬೇಕು. ಇಲ್ಲದಿದ್ದರೆ ಅದೇ ಟನ್ ಇನ್ನೊಬ್ಬರಿಗೆ ಮಾರಾಟವಾಗಬಹುದು. ದಲ್ಲಾಳಿಯ ಚೆಂದದ ಪ್ರಮಾಣಪತ್ರ ಸಾಲದು, ರಿಜಿಸ್ಟ್ರಿಯ ಪುಟ ತೆರೆದು ನಾವೇ ನೋಡುತ್ತೇವೆ.

ಮಾರ್ಕೆಟಿಂಗ್‌ನವರಿಗೆ ಪೆಟ್ಟಿಗೆ ಮೇಲೆ "ಕಾರ್ಬನ್ ನ್ಯೂಟ್ರಲ್" ಅಂತ ಅಚ್ಚು ಹಾಕುವ ಆಸೆ ಇತ್ತು. ನಾನು ಒಪ್ಪಲಿಲ್ಲ. ಆಫ್‌ಸೆಟ್ ಆಧಾರದ ಮೇಲೆ ಉತ್ಪನ್ನವನ್ನು ಹಾಗೆ ಕರೆಯುವುದನ್ನು ಐರೋಪ್ಯ ಒಕ್ಕೂಟದ 2024ರ ನಿರ್ದೇಶನ ತಡೆಯುತ್ತದೆ, ಅದು 2026ರ ಸೆಪ್ಟೆಂಬರ್ 27ರಿಂದ ಅನ್ವಯ. ಈಗ ವರದಿಯಲ್ಲಿ ಮೂರು ಸಾಲು ಬೇರೆ ಬೇರೆ ಹಾಕುತ್ತೇವೆ: ಬಿಟ್ಟಿದ್ದು ಎಷ್ಟು ಟನ್, ಹಿಂದಿನ ವರ್ಷಕ್ಕಿಂತ ಇಳಿದಿದ್ದು ಎಷ್ಟು, ಕ್ರೆಡಿಟ್ ಕೊಂಡಿದ್ದು ಎಷ್ಟು. ಒಂದರಿಂದ ಇನ್ನೊಂದನ್ನು ಕಳೆಯುವುದಿಲ್ಲ. ಪ್ರಶ್ನಾವಳಿ ಕಳಿಸಿದ ಗ್ರಾಹಕರು ಆ ವರದಿ ನೋಡಿ ಕೇಳಿದ್ದು ಫರ್ನೇಸ್ ಬಗ್ಗೆ. ಅದರ ವಿದ್ಯುತ್ ಮಾದರಿಗೆ ಕೊಟೇಶನ್ ತರಿಸುತ್ತಿದ್ದೇವೆ.