ಬಯೋಸ್ ಅಪ್‌ಡೇಟ್ ಆದಮೇಲೆ ಗ್ರಾಫಿಕ್ಸ್ ಕಾರ್ಡ್ ಕಾಣಲಿಲ್ಲ: ನಾನು ಸರಿ ಮಾಡಿಕೊಂಡ ಬಗೆ

ತೀರ್ಥಹಳ್ಳಿಯಲ್ಲಿ ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಹಾಗಾಗಿ ಬೇಸಿಗೆಯಲ್ಲಿ ಶೂಟ್ ಮಾಡಿದ್ದನ್ನೆಲ್ಲ ಕೂತು ಮುಗಿಸುವುದು ಈ ಮಳೆಯ ತಿಂಗಳಲ್ಲೇ. ಈ ಸಲ ರ್‍ಯಾಮ್ ಜಾಸ್ತಿ ಮಾಡಿಸಿದ್ದೆ. ಆಮೇಲೆ ಸಿಸ್ಟಮ್ ಆಗಾಗ ಹ್ಯಾಂಗ್ ಆಗತೊಡಗಿತು. ಬಯೋಸ್ (ಸಿಸ್ಟಮ್ ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಹಳೆಯದು, ಅಪ್‌ಡೇಟ್ ಮಾಡಿ ನೋಡೋಣ ಅಂತ ಒಂದು ರಾತ್ರಿ ಕೂತೆ. ನಮ್ಮಲ್ಲಿ ಮಳೆಗಾಲದ ಕರೆಂಟ್ ನಂಬುವಂತಿಲ್ಲ, ಅಪ್‌ಡೇಟ್ ನಡುವೆ ಹೋದರೆ ಬೋರ್ಡೇ ಕೈಕೊಡಬಹುದು, ಅದಕ್ಕೇ ಯುಪಿಎಸ್ ಪೂರ್ತಿ ಚಾರ್ಜ್ ಆಗಿದೆಯಾ ನೋಡಿಕೊಂಡೇ ಶುರು ಮಾಡಿದ್ದು. ಅಪ್‌ಡೇಟ್ ಸಲೀಸಾಗಿ ಆಯಿತು. ರೀಸ್ಟಾರ್ಟೂ ಆಯಿತು. ಮಾನಿಟರ್ ಮಾತ್ರ ಕಪ್ಪಾಗಿಯೇ ಉಳಿಯಿತು.

ಕಾರ್ಡಿನ ಫ್ಯಾನ್ ತಿರುಗುತ್ತಿತ್ತು. ಫ್ಯಾನ್ ತಿರುಗಿದರೆ ಕರೆಂಟ್ ಬರ್ತಿದೆ ಅಂತ ಗೊತ್ತಾಗುತ್ತೆ, ಬೋರ್ಡಿಗೆ ಕಾರ್ಡ್ ಕಾಣ್ತಿದೆಯಾ ಅನ್ನೋದು ಅದರಿಂದ ಗೊತ್ತಾಗಲ್ಲ. ನನ್ನದು ಇಂಟೆಲ್ ಐ5 11400, ಅದರೊಳಗೇ ಸಣ್ಣದೊಂದು ಗ್ರಾಫಿಕ್ಸ್ ಇದೆ. ಎಚ್‌ಡಿಎಂಐ ಕೇಬಲ್ ಕಾರ್ಡಿನಿಂದ ಕಿತ್ತು ಬೋರ್ಡಿನ ಪೋರ್ಟಿಗೆ ಹಾಕಿದೆ, ವಿಂಡೋಸ್ ಬಂತು. ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್ ಆದರೆ ಈ ದಾರಿ ಇಲ್ಲ, ಯಾರದಾದರೂ ಹಳೇ ಕಾರ್ಡ್ ಕೇಳಿ ತರಬೇಕು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದರೆ ನನ್ನ ಕಾರ್ಡ್ ಆರ್‌ಟಿಎಕ್ಸ್ 3060 ಹೆಸರೇ ಇಲ್ಲ. ಹಿಡನ್ ಡಿವೈಸ್‌ಗಳನ್ನೂ ತೋರಿಸು ಅಂದಾಗ ಮಸುಕು ಐಕಾನ್ ಒಂದು ಬಂತು. ಹಿಂದೆ ಇತ್ತು, ಈಗ ಇಲ್ಲ ಅಂತ ಅದರರ್ಥ.

ಇಲ್ಲಿ ಒಂದೂವರೆ ಗಂಟೆ ಸುಮ್ನೆ ಕಳೆದೆ. ಡ್ರೈವರ್ ತೆಗೆದು ಹೊಸದು ಹಾಕಲು ಹೋದರೆ ಇನ್‌ಸ್ಟಾಲರ್ ತನಗೆ ಬೇಕಾದ ಕಾರ್ಡೇ ಸಿಗುತ್ತಿಲ್ಲ ಅಂತ ನಿಂತುಬಿಡುತ್ತಿತ್ತು. ಬಯೋಸ್‌ಗೇ ಕಾಣದ ಕಾರ್ಡ್ ವಿಂಡೋಸ್‌ಗೆ ಕಾಣಲ್ಲ ಅಲ್ವಾ? ದಯವಿಟ್ಟು ಮೊದಲು ಬಯೋಸ್ ಒಳಗೆ ಹೋಗಿ ನೋಡಿ. ಅಲ್ಲಿ ಕಾರ್ಡ್ ಕೂರಿಸುವ ಸ್ಲಾಟ್ ಖಾಲಿ ಅಂತಿದ್ದರೆ ಡ್ರೈವರ್ ತಂಟೆಗೆ ಹೋಗಬೇಡಿ. ನನ್ನದರಲ್ಲಿ ಖಾಲಿ ಅಂತಲೇ ಇತ್ತು.

ಬಯೋಸ್ ಸೆಟ್ಟಿಂಗ್ ರೀಸೆಟ್ ಆಗಲಿ ಅಂತ ಪ್ಲಗ್ ತೆಗೆದು, ಬೋರ್ಡಿನ ಸಿಆರ್2032 ಸೆಲ್ ಬಿಚ್ಚಿ, ಹತ್ತು ನಿಮಿಷ ಬಿಟ್ಟು ಹಾಕಿದೆ. ಏನೂ ಬದಲಾಗಲಿಲ್ಲ. ಆಮೇಲೆ ಕಾರ್ಡ್ ಹೊರಗೆ ತೆಗೆದೆ. ನಮ್ಮ ಕಡೆ ಮಳೆಗಾಲದಲ್ಲಿ ಪುಸ್ತಕಕ್ಕೂ ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ, ಕಾರ್ಡಿನ ಬಂಗಾರದ ಬಣ್ಣದ ಪಟ್ಟಿಗಳ ಮೇಲೂ ಏನಾದರೂ ಕೂತಿರಬಹುದು ಅಂತ ಟಾರ್ಚ್ ಬಿಟ್ಟು ನೋಡಿದೆ. ಒಂದು ಮೂಲೆಯಲ್ಲಿ ಬೆರಳಿನ ಗುರುತಿನಷ್ಟು ಮಂಕಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, 8 ಪಿನ್ ಪವರ್ ಕೇಬಲನ್ನು ಕ್ಲಿಕ್ ಅನ್ನುವವರೆಗೆ ಒತ್ತಿ ಕೂರಿಸಿದೆ. ಆದರೂ ಬರಲಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ, ಮೂರು ಮದುವೆಯ ಕೆಲಸ ಬಾಕಿ ಇತ್ತು.

ಬೆಳಗ್ಗೆ ತಮ್ಮ ಬಂದವನು ಕೇಳಿದ, “ಅಣ್ಣಾ, ಕಾರ್ಡ್ ಸೀದಾ ಬೋರ್ಡಿಗೇ ಹಾಕಿ ನೋಡಿದ್ಯಾ?”

ನನ್ನ ಕ್ಯಾಬಿನೆಟ್‌ನಲ್ಲಿ ಕಾರ್ಡ್ ಗಾಜಿನ ಕಡೆ ಮುಖ ಮಾಡಿ ನಿಂತಿರುತ್ತೆ. ಹಾಗೆ ನಿಲ್ಲಿಸಲು ಸ್ಲಾಟಿಗೂ ಕಾರ್ಡಿಗೂ ನಡುವೆ ಚಪ್ಪಟೆ ರೈಸರ್ ಕೇಬಲ್ ಇದೆ. ಹಾರ್ಡ್ ಡಿಸ್ಕ್‌ಗಳ ಗೂಡು ಬಿಚ್ಚಿ ಜಾಗ ಮಾಡಿ, ಕಾರ್ಡನ್ನು ನೇರವಾಗಿ ಸ್ಲಾಟಿಗೇ ಕೂರಿಸಿದೆವು. ಡಿಸ್‌ಪ್ಲೇ ಬಂತು! ಹೋದ ಜೀವ ಬಂದಂತಾಯಿತು. ರೈಸರ್ ಮತ್ತೆ ಹಾಕಿದರೆ ಕಾರ್ಡ್ ಮಾಯ.

ರೈಸರ್ ಹಾಳಾಗಿದೆಯಾ ಅಂದರೆ, ಹಿಂದಿನ ಸಂಜೆವರೆಗೂ ಅದರಲ್ಲೇ ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಆಗಿಸುವುದು) ಮಾಡಿದ್ದೇನೆ. ಕೇಬಲ್ ತಿರುಗಿಸಿ ನೋಡಿದೆ. ಕನೆಕ್ಟರ್ ಹಿಂದೆ ಸಣ್ಣ ಬಿಳಿ ಅಕ್ಷರದಲ್ಲಿ ಪಿಸಿಐಇ 3.0 ಅಂತಿತ್ತು. ಪಿಸಿಐಇ ಅಂದರೆ ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಓಡುವ ದಾರಿ, 3.0, 4.0 ಅದರ ತಲೆಮಾರುಗಳು. ಕಾರ್ಡ್ 4.0, ಪ್ರೊಸೆಸರ್ ಕೂಡ 4.0. 3.0ರಲ್ಲಿ ಆ ದಾರಿಯ ಪ್ರತಿ ಲೇನ್ ಸೆಕೆಂಡಿಗೆ 8 ಗಿಗಾಟ್ರಾನ್ಸ್‌ಫರ್ ಓಡುತ್ತೆ, 4.0ರಲ್ಲಿ 16. ಕಾರ್ಡೂ ಬೋರ್ಡೂ ಸೇರಿ 4.0 ವೇಗಕ್ಕೆ ಹೋಗಲು ನೋಡುತ್ತವೆ, 3.0ಕ್ಕೆ ಅಂತ ಮಾಡಿದ ಕೇಬಲಿನಲ್ಲಿ ಆ ವೇಗದ ಸಿಗ್ನಲ್ ಕೆಟ್ಟುಹೋದರೆ ಲಿಂಕ್ ಸರಿಯಾಗಿ ಕೂಡುವುದೇ ಇಲ್ಲ.

ಹಾಗಾದರೆ ಇಷ್ಟು ದಿನ ಹೇಗೆ ನಡೀತು? ಶಿವಮೊಗ್ಗದಲ್ಲಿ ಸಿಸ್ಟಮ್ ಜೋಡಿಸಿಕೊಟ್ಟವರಿಗೆ ಫೋನ್ ಮಾಡಿದೆ. “ಅವತ್ತೇ ಸ್ಲಾಟನ್ನ ಜೆನ್ 3ಕ್ಕೆ, ಅಂದ್ರೆ 3.0ಕ್ಕೆ ಇಟ್ಟು ಕೊಟ್ಟಿದ್ದೆ ಸರ್. ಬಯೋಸ್ ಅಪ್‌ಡೇಟ್ ಮಾಡಿದ್ರೆ ಅದು ವಾಪಸ್ ಆಟೋಗೆ ಹೋಗಿರುತ್ತೆ” ಅಂದರು. ಸೆಲ್ ತೆಗೆದದ್ದು ಯಾಕೆ ಉಪಯೋಗಕ್ಕೆ ಬರಲಿಲ್ಲ ಅಂತಲೂ ಆಗ ತಿಳಿಯಿತು. ಸೆಲ್ ತೆಗೆದರೂ ಸೆಟ್ಟಿಂಗ್ ಎಲ್ಲ ಆಟೋಗೇ ಹೋಗುವುದು, ಆಟೋ ಅಂದರೆ ಮತ್ತೆ 4.0ಕ್ಕೇ ಪ್ರಯತ್ನ.

ಬಯೋಸ್‌ನಲ್ಲಿ ಪಿಸಿಐಇ ಸ್ಲಾಟ್ ಸ್ಪೀಡ್ ಹುಡುಕಿ ಆಟೋ ಇದ್ದದ್ದನ್ನು ಜೆನ್ 3 ಮಾಡಿದೆ, ಸೇವ್ ಮಾಡಿ ಆಫ್ ಮಾಡಿ ರೈಸರ್ ಜೋಡಿಸಿದೆ. ಕಾರ್ಡ್ ಬಂತು. ಕಾರ್ಡಿನ ವಿವರ ತೋರಿಸುವ ಜಿಪಿಯು-ಝೆಡ್ ಸಾಫ್ಟ್‌ವೇರ್‌ನಲ್ಲಿ x16 3.0 (ಹದಿನಾರು ಲೇನ್, 3.0 ವೇಗ) ಅಂತ ತೋರಿಸಿತು. ಇದನ್ನು ರೆಂಡರ್ ನಡೆಯುವಾಗಲೇ ನೋಡಬೇಕು, ಕಾರ್ಡ್ ಸುಮ್ನಿರುವಾಗ ವೇಗ ತಗ್ಗಿಸಿಕೊಂಡು 1.1 ಅಂತ ತೋರಿಸುತ್ತೆ.

ರೈಸರ್ ಇಲ್ಲದವರು ಬಯೋಸ್‌ನಲ್ಲಿ ಸಿಎಸ್ಎಂ (ಹಳೇ ಹಾರ್ಡ್‌ವೇರಿಗೆ ಹೊಂದಿಕೊಳ್ಳುವ ವ್ಯವಸ್ಥೆ) ಸೆಟ್ಟಿಂಗ್ ನೋಡಿ. ತುಂಬಾ ಹಳೇ ಕಾರ್ಡಾದರೆ, ಅಪ್‌ಡೇಟ್ ಆದಮೇಲೆ ಅದು ಆಫ್ ಆಗಿದ್ದರೆ ಡಿಸ್‌ಪ್ಲೇ ಬರದೇ ಇರಬಹುದು. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅಪ್‌ಡೇಟ್‌ಗೆ ಮೊದಲೇ ಸಸ್ಪೆಂಡ್ ಮಾಡಿ, ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯೋಸ್‌ನ ಪ್ರತಿ ಪುಟದ ಫೋಟೋ ಮೊಬೈಲಲ್ಲಿ ಇರಲಿ, ನನ್ನ ಹತ್ತಿರ ಅದಿದ್ದಿದ್ದರೆ ಆ ರಾತ್ರಿಯೇ ಮುಗಿದಿರುತ್ತಿತ್ತು. ರ್‍ಯಾಮ್ ಅನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಕೂಡ ಆಫ್ ಆಗಿತ್ತು, ಅದನ್ನೂ ಆನ್ ಮಾಡಿದೆ. ಆಮೇಲೆ ಹ್ಯಾಂಗ್ ಆಗಿಲ್ಲ.

ಕ್ಯಾಬಿನೆಟ್ ಮುಚ್ಚುವ ಮೊದಲು ‘ಸ್ಲಾಟ್ 1, ಜೆನ್ 3’ ಅಂತ ಚೀಟಿ ಬರೆದು ಒಳಗೆ ಅಂಟಿಸಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಹೊಸನಗರದ ಮದುವೆಯ ರೆಂಡರ್ ಓಡುತ್ತಿತ್ತು.