ಹನ್ನೊಂದು ‘ಬಾರದು’ಗಳನ್ನು ಗೋಡೆಯಿಂದ ಇಳಿಸಿದ ಮೇಲೆ

ಗದಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಶಿರಹಟ್ಟಿ ಕಡೆಯ ಎರೆಹೊಲದ ಊರು. ಏಳನೇ ತರಗತಿಯಲ್ಲಿ 34 ಮಕ್ಕಳಿದ್ದಾರೆ. ವಾರಕ್ಕೆ ನಾಲ್ಕು ದಿನ 40 ನಿಮಿಷದ ಅವಧಿಯಲ್ಲಿ ಅರ್ಧ ಹೊತ್ತು ಪಠ್ಯಪುಸ್ತಕ ಮುಚ್ಚಿಡುತ್ತೇವೆ. ಆ 20 ನಿಮಿಷ ಮಕ್ಕಳು ತಮಗೆ ಬೇಕಾದ ಪುಸ್ತಕವನ್ನು ತಾವೇ ಓದುತ್ತಾರೆ. ಈ 20 ನಿಮಿಷ ನೆಟ್ಟಗೆ ನಡೆಯೋಕೆ ನನಗೆ ಎರಡು ವರ್ಷ ಬೇಕಾಯಿತು. ಹೇಗೆ ಅಂತ ಬರೆಯುತ್ತೇನೆ, ಹೊಸದಾಗಿ ಶುರು ಮಾಡುವವರಿಗೆ ಒಂದಿಷ್ಟು ತೊಂದರೆ ತಪ್ಪಲಿ.

ಮೊದಲ ವರ್ಷ ಜೂನ್‌ನಲ್ಲಿ ದೊಡ್ಡ ಡ್ರಾಯಿಂಗ್ ಶೀಟ್ ತಂದು, ಸ್ಕೆಚ್ ಪೆನ್ನಿನಿಂದ ಹನ್ನೊಂದು ನಿಯಮ ಬರೆದು ಗೋಡೆಗೆ ಅಂಟಿಸಿದೆ. ಮಾತಾಡಬಾರದು. ಎದ್ದು ಓಡಾಡಬಾರದು. ಪುಸ್ತಕದ ಮೇಲೆ ಬರೆಯಬಾರದು. ಹಾಳೆ ಮಡಚಬಾರದು. ಹೀಗೇ ಹನ್ನೊಂದೂ ‘ಬಾರದು’ಗಳೇ. ಅಂಚಿಗೆ ಹೂಬಳ್ಳಿ ಬೇರೆ ಬಿಡಿಸಿದ್ದೆ.

ತರಗತಿ ಸುಮ್ಮನಾಯಿತು. ನನಗೆ ಖುಷಿಯಾಯಿತು. ಬಾಗಿಲಲ್ಲಿ ಹಾದು ಹೋಗುವವರೂ ‘ಎಷ್ಟು ಶಿಸ್ತು’ ಅಂದರು. ಎರಡು ವಾರ ಹಾಗೇ ನಡೆಯಿತು. ಮೂರನೇ ವಾರ ಹಿಂದಿನ ಸಾಲಿನ ಒಬ್ಬ ಹುಡುಗನನ್ನು ಸುಮ್ನೆ ನೋಡುತ್ತಾ ಕೂತಿದ್ದೆ. ಪುಸ್ತಕ ಎರಡೂ ಕೈಯಲ್ಲಿ ನೇರವಾಗಿ ಹಿಡಿದಿದ್ದ, ಬೆನ್ನು ಕೂಡ ನೆಟ್ಟಗಿತ್ತು. ಪಕ್ಕದ ಹುಡುಗಿ ಹಾಳೆ ತಿರುವಿದಳು. ಮರುಕ್ಷಣ ಇವನೂ ತಿರುವಿದ. ಸ್ವಲ್ಪ ಹೊತ್ತಿಗೆ ಆಕೆ ಮತ್ತೆ ತಿರುವಿದಳು, ಇವನೂ ತಿರುವಿದ. ಇಬ್ಬರ ಕೈಯಲ್ಲಿದ್ದದ್ದು ಬೇರೆ ಬೇರೆ ಪುಸ್ತಕ! ಅವನ ಕಣ್ಣು ಅಕ್ಷರದ ಮೇಲೆ ಇರಲೇ ಇಲ್ಲ, ಆಕೆಯ ಬೆರಳಿನ ಮೇಲಿತ್ತು. ನಾನು ಹೇಳಿದ ಹನ್ನೊಂದು ನಿಯಮವನ್ನೂ ಅವನು ಪಾಲಿಸಿದ್ದ. ಓದುವುದನ್ನು ಮಾತ್ರ ಮಾಡಿರಲಿಲ್ಲ. ಅದು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಅದೇ ಯೋಚನೆ. ಏನು ಮಾಡಬಾರದು ಅಂತ ಮಕ್ಕಳಿಗೆ ಹೇಳಿದ್ದೆ. ಆ ಹೊತ್ತಿನಲ್ಲಿ ಏನು ಮಾಡಬೇಕು, ತೊಡಕು ಬಂದರೆ ಯಾವ ದಾರಿ, ಅದನ್ನು ಯಾರೂ ಅವರಿಗೆ ತೋರಿಸಿರಲಿಲ್ಲ.

ಮರುದಿನ ಚಿಕ್ಕ ಚೀಟಿ ಹಂಚಿ, ‘ಓದೋಕೆ ನಿಮಗೆ ಏನು ಅಡ್ಡಿ ಆಗ್ತದೆ? ಹೆಸರು ಬರೀಬೇಡಿ’ ಅಂದೆ. ಅಕ್ಷರ ಸಣ್ಣವು ಅಂತ ಕೆಲವರು ಬರೆದಿದ್ದರು. ಓದಿದ ಕತೆಯನ್ನೇ ಎಷ್ಟು ಸಲ ಓದೋದು ಅಂತ ಇಬ್ಬರು. ಒಂದು ಚೀಟಿ ಈಗಲೂ ನನ್ನ ಡೈರಿಯಲ್ಲಿದೆ: ‘ಟೀಚರ್ರಿ, ನೀವು ಅಡ್ಡಾಡಾಕತ್ತಿದ್ರ ನಂಗ ಓದಾಕ ಆಗಂಗಿಲ್ಲ. ನಿಮ್ಮ ಚಪ್ಪಲಿ ಸಪ್ಪಳ ಕೇಳತೈತಿ.’ ಆ ತರಗತಿಯಲ್ಲಿ ಗದ್ದಲ ಮಾಡುತ್ತಿದ್ದದ್ದು ನಾನೊಬ್ಬಳೇ.

ಚಾರ್ಟ್ ಇಳಿಸಿದೆ. ಮಕ್ಕಳ ಜೊತೆ ಕೂತು ನಾಲ್ಕೇ ಮಾತು ಉಳಿಸಿಕೊಂಡೆವು. ಗಂಟೆ ಹೊಡೆಯುವ ಮೊದಲೇ ಪುಸ್ತಕ ಕೈಯಲ್ಲಿರಬೇಕು. ತಿಳಿಯದ ಪದ ಬಂದರೆ ಚೀಟಿಯಲ್ಲಿ ಬರೆದುಕೊಂಡು ಮುಂದೆ ಹೋಗಬೇಕು. ದನಿ ತನ್ನ ಕಿವಿಗೆ ಕೇಳಿದರೆ ಸಾಕು. ಐದು ಪುಟ ಓದಿದ ಮೇಲೂ ಹಿಡಿಸದಿದ್ದರೆ ಪುಸ್ತಕ ಬದಲಿಸಬಹುದು. ಇಷ್ಟೇ. ನಾನೂ ಕುರ್ಚಿ ಎಳೆದುಕೊಂಡು ಅವರ ನಡುವೆ ನನ್ನ ಪುಸ್ತಕ ಓದುತ್ತಾ ಕೂತೆ.

ಈ ನಾಲ್ಕರಲ್ಲಿ ಒಂದೊಂದಕ್ಕೂ ಕಾರಣವಿದೆ. ಮೊದಲನೆಯದು ಸರಳ. ಪುಸ್ತಕ ಆರಿಸುವುದನ್ನು ಅವಧಿಯೊಳಗೆ ಇಟ್ಟರೆ ಹತ್ತು-ಹನ್ನೆರಡು ನಿಮಿಷ ಅದಕ್ಕೇ ಹೋಗುತ್ತದೆ. ಅದಕ್ಕೆ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಎರಡು ಪುಸ್ತಕ ಆರಿಸಿ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು.

ದನಿಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಏಳನೇ ತರಗತಿ ಅಂದ ಮೇಲೆ ಮೌನವಾಗಿ ಓದಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ತುಟಿ ಅಲ್ಲಾಡಿಸದೆ ಓದಲು ಬಾರದ ಮಕ್ಕಳು ನಮ್ಮಲ್ಲಿ ಜಾಸ್ತಿ. ಅವರಿಗೆ ಪದ ಕಿವಿಗೆ ಬಿದ್ದರೇನೇ ಅರ್ಥ. ಅದನ್ನು ತಡೆದರೆ ಓದನ್ನೇ ತಡೆದ ಹಾಗೆ. ಗುನುಗಲಿ, ತೊಂದರೆ ಇಲ್ಲ. ನಗುವೂ ಅಷ್ಟೆ. ಒಮ್ಮೆ ಒಬ್ಬ ಹುಡುಗಿ ಓದುತ್ತಾ ಕಿಲಕಿಲ ನಕ್ಕಳು. ನಾನು ಗದರಿ ಪುಸ್ತಕ ಕಸಿದುಕೊಂಡೆ. ಸಂಜೆ ಆ ಪುಟ ತೆಗೆದು ನೋಡಿದೆ. ನಗು ಬರುವಂಥದ್ದೇ ಇತ್ತು. ಆಕೆ ಓದಿದ್ದಳು, ಅರ್ಥವಾಗಿತ್ತು, ಅದಕ್ಕೇ ನಕ್ಕಳು. ಮರುದಿನ ಎಲ್ಲರೆದುರು ಆಕೆಗೆ ಪುಸ್ತಕ ವಾಪಸ್ ಕೊಟ್ಟು, ತಪ್ಪು ನನ್ನದು ಅಂದೆ. ಆ ಪುಟವನ್ನು ಆಕೆಯೇ ಎಲ್ಲರಿಗೂ ಓದಿ ಹೇಳಿದಳು.

ನಾಲ್ಕೂ ಮಾತನ್ನು ಹೇಳಿ ಬಿಡಲಿಲ್ಲ, ಆಟದ ಹಾಗೆ ಮಾಡಿಸಿದೆ. ಪುಸ್ತಕ ತೆಗೆದುಕೊಳ್ಳುವುದು, ಕೂರುವುದು, ಚೀಟಿ ಸಿಗಿಸುವುದು. ಮೊದಲ ದಿನ ಓದಿದ್ದು ಐದೇ ನಿಮಿಷ. ಮೂರು ಮಕ್ಕಳು ತಲೆ ಎತ್ತಿ ಅತ್ತಿತ್ತ ನೋಡಿದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ, ಬೈಯದೆ. ವಾರಕ್ಕೆ ಒಂದೋ ಎರಡೋ ನಿಮಿಷ ಏರಿಸಿದೆ. ದಸರಾ ರಜೆ ಬರುವ ಹೊತ್ತಿಗೆ 20 ನಿಮಿಷ ಮುಟ್ಟಿದೆವು. ಬಿಸಿಯೂಟದ ನಂತರದ ಅವಧಿ ಮಾತ್ರ ಇದಕ್ಕೆ ಬೇಡವೇ ಬೇಡ. ಬಿಸಿ ಅನ್ನ ಸಾಂಬಾರು ಉಂಡು ಬಂದ ಮಕ್ಕಳಿಗೆ ಪುಸ್ತಕ ಕೊಟ್ಟರೆ ಕಣ್ಣು ತಾನಾಗಿ ಮುಚ್ಚುತ್ತದೆ. ಎರಡನೇ ಅವಧಿಗೆ ಬದಲಿಸಿಕೊಂಡೆ.

ಯಾವ ಪುಸ್ತಕ ತನಗೆ ಆಗುತ್ತದೆ ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು? ಇದಕ್ಕೆ ಐದು ಬೆರಳಿನ ಲೆಕ್ಕ ಅಂತ ಒಂದು ರೂಢಿ ಇದೆ. ಯಾವುದಾದರೂ ಒಂದು ಪುಟ ಓದಬೇಕು, ತಿಳಿಯದ ಪದ ಬಂದಾಗ ಒಂದು ಬೆರಳು ಮಡಚಬೇಕು. ಪುಟ ಮುಗಿಯುವುದರೊಳಗೆ ಐದೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಕಷ್ಟ. ನಮ್ಮ ಮಕ್ಕಳು ಇದನ್ನು ಬೇಗ ಹಿಡಿದರು. ಆದರೆ ಕನ್ನಡದಲ್ಲಿ ಒಂದು ತಿದ್ದುಪಡಿ ಬೇಕು. ಓದೋಕೆ ಬಾರದ ಪದ ಬೇರೆ, ಓದಿದರೂ ತಿಳಿಯದ ಪದ ಬೇರೆ.

ಓದೋಕೆ ಬಾರದ್ದು ಸಾಮಾನ್ಯವಾಗಿ ಒತ್ತಕ್ಷರದಿಂದ. ಅಪ್ಪ, ಅಕ್ಕ, ಹಬ್ಬ ಎಲ್ಲರಿಗೂ ಬರುತ್ತದೆ. ಅಲ್ಲಿ ಒತ್ತು ಮೇಲಿನ ಅಕ್ಷರದ್ದೇ ಮರಿ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ಅರ್ಕಾವತ್ತು ಇನ್ನೂ ತೊಡಕಿನದು. ದನಿ ಮೊದಲು ಬರುತ್ತದೆ, ಗುರುತು ಆಮೇಲೆ ಕೂರುತ್ತದೆ. ಏಳನೇ ತರಗತಿಗೆ ಬಂದ ಮೇಲೆ ಇದನ್ನು ಯಾರೂ ಮತ್ತೆ ಕಲಿಸುವುದಿಲ್ಲ, ಮಗುವಿಗೆ ಕೇಳಲು ನಾಚಿಕೆ. ಹಾಳೆ ತಿರುವುತ್ತಿದ್ದ ನನ್ನ ಹುಡುಗನದ್ದೂ ಇದೇ ಕತೆ.

ಓದಿದರೂ ತಿಳಿಯದ್ದು ನಮ್ಮ ಭಾಗದಲ್ಲಿ ಬೇರೆಯೇ ಸಮಸ್ಯೆ. ಒಬ್ಬ ಹುಡುಗ ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಯ ಬಗ್ಗೆ ಓದುತ್ತಿದ್ದ. ಸರಾಗವಾಗಿ ಓದಿದ, ಒಂದು ಬೆರಳೂ ಮಡಚಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, ‘ಇದರಾಗ ತಪ್ಪು ಬರದಾರ್ರಿ. ಕಡ್ಲಿ ಗಿಡದ ಮ್ಯಾಲ ಬರ್ತಾವ, ಇಲ್ಲಿ ಮಣ್ಣಾಗಿಂದ ಕಿತ್ತಾರ ಅಂತ ಐತಿ’ ಅಂದ. ನಮ್ಮ ಕಡೆ ಹಿಂಗಾರಿಗೆ ಎಲ್ಲ ಹೊಲದಲ್ಲೂ ಕಡಲೆ. ಅವನಿಗೆ ಕಡಲೆಕಾಯಿ ಅಂದರೆ ಅದೇ. ‘ಇದು ನಮ್ಮ ಶೇಂಗಾ’ ಅಂದೆ. ‘ಹಂಗಾರ ಶೇಂಗಾ ಅಂತ ಬರೀಬೇಕಿಲ್ರಿ!’ ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಪುಸ್ತಕದ ಕನ್ನಡಕ್ಕೂ ಮನೆಯ ಕನ್ನಡಕ್ಕೂ ನಡುವೆ ಇಂಥ ಸಣ್ಣ ಸಣ್ಣ ಕಂದಕಗಳಿವೆ. ಅದಕ್ಕೇ ಓದು ಶುರುವಾಗುವ ಮೊದಲು ನಾನು ಒಂದೆರಡು ಪುಟ ಗಟ್ಟಿಯಾಗಿ ಓದುತ್ತೇನೆ, ನಡುನಡುವೆ ‘ಇದಕ್ಕ ನಮ್ಮ ಕಡೆ ಏನಂತಾರ?’ ಅಂತ ಕೇಳುತ್ತೇನೆ. ಮಕ್ಕಳು ಸೇರಿ ಒಂದು ನೋಟುಬುಕ್ಕಿನಲ್ಲಿ ಜೋಡಿ ಪದ ಬರೆಯುತ್ತಾ ಹೋಗಿದ್ದಾರೆ. ನನಗೆ ಆ ನೋಟುಬುಕ್ಕಿನ ಮೇಲೆ ಬಹಳ ಪ್ರೀತಿ.

ಪುಸ್ತಕಗಳದ್ದು ಬೇರೆ ಪಾಡು. ಶಾಲೆಯ ಪುಸ್ತಕಗಳೆಲ್ಲ ಕಬ್ಬಿಣದ ಕಪಾಟಿನಲ್ಲಿ, ಬೀಗ ಹಾಕಿ. ‘ಹರಿದು ಹೋದರೆ ಹೊಣೆ ಯಾರು?’ ಎಂಬ ಮಾತು ಎಲ್ಲ ಕಡೆ ಇರುವುದೇ. ಸ್ಟಾಕ್ ಬುಕ್ಕಿನ ಭಯ ನನಗೂ ಅರ್ಥವಾಗುತ್ತದೆ. ನಾನು ಬರೆದುಕೊಟ್ಟು, ಒಂದು ಸಲಕ್ಕೆ 60 ಪುಸ್ತಕ ನನ್ನ ಹೊಣೆಯಲ್ಲಿ ತೆಗೆದುಕೊಂಡೆ. ತರಗತಿಯ ಗೋಡೆಗೆ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ತೆಳ್ಳನೆಯವನ್ನು ತೂಗುಹಾಕಿದೆವು. ಮುಖಪುಟ ಕಾಣಬೇಕು, ಅದು ಮುಖ್ಯ. ಬೆನ್ನು ಮಾತ್ರ ಕಾಣುವ ಹಾಗೆ ಜೋಡಿಸಿದ ಪುಸ್ತಕವನ್ನು ಮಕ್ಕಳು ಮುಟ್ಟುವುದಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಒಂದಿಷ್ಟು ಹಾಗೆ ಮಾಡಿಕೊಂಡೆ. ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅಂತ ಹೆಸರು. ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಮ್ಮ 34 ಮಕ್ಕಳನ್ನೂ ಒಂದು ಶನಿವಾರ ಕರೆದುಕೊಂಡು ಹೋಗಿ ಸೇರಿಸಿ ಬಂದೆ.

ಹರಿದ ಪುಸ್ತಕಗಳಿಗೆ ಉಪಾಯ ಹುಡುಕಿಕೊಟ್ಟದ್ದು ಒಬ್ಬ ಹುಡುಗಿಯ ಅಪ್ಪ. ಗದಗ ಮುದ್ರಣಕ್ಕೆ ಹೆಸರಾದ ಊರು. ಅವರು ಅಲ್ಲಿಯ ಒಂದು ಬೈಂಡಿಂಗ್ ಅಂಗಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಒಂದು ರಜಾ ದಿನ ದಬ್ಬಳ, ದಾರ, ಮೈದಾ ಅಂಟು ತಂದು ಶಾಲೆಯ ಕಟ್ಟೆಯ ಮೇಲೆ ಕೂತರು. ಹಾಳೆಗಳನ್ನು ಬಡಿದು ಸಮ ಮಾಡಿ, ಬೆನ್ನಿಗೆ ಮೂರು ತೂತು ಹಾಕಿ, ನಡುವಿನ ತೂತಿನಿಂದ ದಾರ ಹೊಗಿಸಿ, ಮೇಲೆ ಕೆಳಗೆ ಹೋಗಿ ಮತ್ತೆ ನಡುವಿಗೇ ತಂದು ಗಂಟು ಹಾಕುವುದನ್ನು ಮಕ್ಕಳಿಗೆ ತೋರಿಸಿದರು. ಅಂಟಿಗೆ ಚೂರು ಮೈಲುತುತ್ತ ಹಾಕಿದರೆ ಹುಳ ಬರಲ್ಲ, ಆದರೆ ಅದು ವಿಷ, ಅದನ್ನು ದೊಡ್ಡವರೇ ಬೆರೆಸಬೇಕು ಅಂತ ಎಚ್ಚರವನ್ನೂ ಹೇಳಿದರು. ಈಗ ತಿಂಗಳಿಗೊಮ್ಮೆ ನಾಲ್ಕು ಮಕ್ಕಳು ಹೊಲಿಗೆ ಬಿಚ್ಚಿದ ಪುಸ್ತಕಗಳನ್ನು ಕಟ್ಟುತ್ತಾರೆ. ‘ಪುಸ್ತಕ ಹರಿಯಬಾರದು’ ಅಂತ ಬರೆದು ಅಂಟಿಸುವ ಅಗತ್ಯ ಆಮೇಲೆ ಬೀಳಲಿಲ್ಲ.

ಇನ್ನು ದಾಖಲೆ. ಮೊದಲು ಓದಿದ ಪ್ರತಿ ಪುಸ್ತಕಕ್ಕೂ ಸಾರಾಂಶ ಬರೆಸಿದೆ. ಏನಾಯಿತು? ಮಕ್ಕಳು ತೆಳ್ಳನೆಯ ಪುಸ್ತಕವನ್ನೇ ಹುಡುಕತೊಡಗಿದರು. ಹಿಂಬದಿಯಲ್ಲಿ ಇದ್ದ ಸಾಲುಗಳನ್ನು ಎತ್ತಿ ಬರೆದರು. ಬಿಟ್ಟುಬಿಟ್ಟೆ. ಈಗ ಹೆಸರು, ತಾರೀಕು, ಎಷ್ಟನೇ ಪುಟ, ಅಷ್ಟೇ. ಬದಲಿಗೆ ದಿನಕ್ಕೆ ಮೂರು ಮಕ್ಕಳ ಪಕ್ಕ ಹೋಗಿ ಎರಡು ನಿಮಿಷ ಮಾತಾಡುತ್ತೇನೆ. ಈಗ ಏನು ನಡೀತಾ ಇದೆ? ಚೀಟಿಯಲ್ಲಿ ಏನು ಬರೆದಿದ್ದೀ? ಒಂದು ಪ್ಯಾರಾ ಓದಿ ಹೇಳು. ಎಲ್ಲರನ್ನೂ ಒಂದು ಸುತ್ತು ಮುಗಿಸಲು ಮೂರು ವಾರ ಬೇಕು. ಮಗು ಎಲ್ಲಿ ನಿಂತಿದೆ ಅಂತ ಯಾವ ಕಿರುಪರೀಕ್ಷೆಗಿಂತಲೂ ಚೆನ್ನಾಗಿ ಇದರಿಂದ ಗೊತ್ತಾಗುತ್ತದೆ.

‘ಹಂಗಾದ್ರೆ ಪೋರ್ಷನ್ ಯಾವಾಗ ಮುಗಿಸ್ತೀರಿ?’ ಅಂತ ಜೊತೆಯ ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾನು ಕಡಿಮೆ ಮಾಡಿದ್ದು ಬೋರ್ಡಿನ ಮೇಲೆ ಪ್ರಶ್ನೋತ್ತರ ಬರೆದು ಮಕ್ಕಳಿಂದ ನಕಲು ಮಾಡಿಸುವ ಹೊತ್ತನ್ನು. ಅದರಲ್ಲಿ ಎಷ್ಟು ಅವಧಿ ಹೋಗುತ್ತಿತ್ತು ಅಂತ ಲೆಕ್ಕ ಹಾಕಿದಾಗ ನನಗೇ ಸಂಕಟವಾಯಿತು.

ಹಾಳೆ ತಿರುವುತ್ತಿದ್ದ ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅವನಿಗೆ ಒಂದನೇ ತರಗತಿಯ ಪುಸ್ತಕ ಕೊಟ್ಟರೆ ಅವಮಾನ, ಏಳನೆಯದು ಕೊಟ್ಟರೆ ಕಷ್ಟ. ನಮ್ಮ ಪಕ್ಕದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ, ಹಿಮಾಲಯ ದಾಟಿ. 2024ರ ಜನವರಿಯಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದಾಗ ಬಂದ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಹಗ್ಗಕ್ಕೆ ಸಿಗಿಸಿದ್ದೆ. ಫೋಟೊ ನೋಡಿ ಅವನೇ ಎದ್ದು ಬಂದ. ‘ಇವು ನಮ್ಮ ಹೊಲಕ್ಕ ಬರ್ತಾವ್ರಿ. ಮುಂಜಾನೆದ್ದು ಡಬ್ಬಿ ಬಡದು ಓಡಸ್ತೀನಿ’ ಅಂದ. ಆ ತುಣುಕನ್ನು ಒಂಬತ್ತು ದಿನ ಇಟ್ಟುಕೊಂಡ. ಮೊದಲ ದಿನದ ಚೀಟಿಯಲ್ಲಿ ಹದಿನಾಲ್ಕು ಪದ: ಪಕ್ಷಿ, ಅಂತರರಾಷ್ಟ್ರೀಯ, ಮಾನ್ಯತೆ, ಸಂರಕ್ಷಣೆ, ಹೀಗೆ. ದಿನಕ್ಕೆ ಎರಡು ಪದ ಒಡೆದು ಬರೆದು ತೋರಿಸಿದೆ, ಒತ್ತನ್ನು ಕೆಂಪು ಪೆನ್ನಿನಲ್ಲಿ. ಒಂಬತ್ತನೇ ದಿನ ಇಡೀ ಸುದ್ದಿಯನ್ನು ನನಗೆ ಓದಿ ಹೇಳಿದ. ‘ಅಂತರರಾಷ್ಟ್ರೀಯ’ದಲ್ಲಿ ನಿಂತ, ಉಸಿರು ತೆಗೆದುಕೊಂಡು ದಾಟಿದ. ಆಮೇಲೆ, ‘ಇವು ಇಷ್ಟ ದೂರದಿಂದ ಬರ್ತಾವಂತ ನಂಗ ಗೊತ್ತಿರಲಿಲ್ರಿ’ ಅಂದ.

ಅವನು ಈಗ ಹೈಸ್ಕೂಲಿನಲ್ಲಿದ್ದಾನೆ. ಅಲ್ಲಿ ಇಂಥ ಅವಧಿ ಇಲ್ಲ, ಅರಿವು ಕೇಂದ್ರಕ್ಕೆ ಹೋಗುತ್ತಾನೆ ಅಂತ ಅವನ ತಂಗಿ ಹೇಳಿದಳು. ತಂಗಿ ಈ ವರ್ಷ ನನ್ನ ಆರನೇ ತರಗತಿಗೆ ಬಂದಿದ್ದಾಳೆ. ಒತ್ತಕ್ಷರದಲ್ಲಿ ತಡವರಿಸುವವರು ಆ ತರಗತಿಯಲ್ಲಿ ಐದು ಮಕ್ಕಳಿದ್ದಾರೆ. ಅವರಿಗೆ ದೊಡ್ಡ ಅಕ್ಷರದ, ಆದರೆ ಅವರ ವಯಸ್ಸಿಗೆ ಹೊಂದುವ ಓದು ಸಾಕಷ್ಟು ಸಿಗುತ್ತಿಲ್ಲ. ಪತ್ರಿಕೆಯ ತುಣುಕುಗಳನ್ನು ರಟ್ಟಿಗೆ ಅಂಟಿಸಿ ಇಡುತ್ತಿದ್ದೇನೆ: ಬ್ಯಾಡಗಿ ಮೆಣಸಿನಕಾಯಿ, ಕಬಡ್ಡಿ, ಕಪ್ಪತಗುಡ್ಡದ ಗಿಡಮೂಲಿಕೆ. ಹಗ್ಗವನ್ನು ಎರಡನೇ ಗೋಡೆಗೂ ಕಟ್ಟಬೇಕಾಗಿದೆ, ಇನ್ನೂ ಎರಡು ಡಜನ್ ಕ್ಲಿಪ್ ತರಬೇಕು.